ಜೊತೆಯಲ್ಲೇ ಬಂದ ಚುಕ್ಕೆ

೧೯೭೮ ಡಿಸೆಂಬರ್ ೧, ಶುಕ್ರವಾರ ರಾತ್ರಿ.

ಹೊಸ ಧೂಮಕೇತು ಕಂಡೆನೆಂದು ಟೋಕಿಯೋದ ವೀಕ್ಷಣಾಲಯಕ್ಕೆ ಬೆಳಿಗ್ಗೆಯೇ ತಂತಿ ಕೊಟ್ಟುಬಿಟ್ಟೆ. ನಿನ್ನೆ ಎರಡು ಕಣ್ಣಿಟ್ಟು ನೋಡುವ ದೊಡ್ಡ ದುರ್ಬೀನಿನಲ್ಲಿ ಮಸುಕು ಚುಕ್ಕೆ ಕಂಡ ಕೂಡಲೇ ಮೋಡ ಕವಿದಿತ್ತು. ಹನ್ನೊಂದು ವರ್ಷದ ಹಿಂದೆ ಹೀಗೇ ಒಂದು ಕಂಡಾಗ, ಇನ್ನೊಂದು ರಾತ್ರಿ ನೋಡೋಣವೆಂದು ಕಾದೆ. ಆ ಧೂಮಕೇತುವಿಗೆ ಬೇರೆಯವನ ಹೆಸರು ಬಿತ್ತು. ಈ ಸಲ ಕಾಯಲಿಲ್ಲ.

ಇವತ್ತು ದುರ್ಬೀನನ್ನು ಎತ್ತ ತಿರುಗಿಸಿದರೂ ಚುಕ್ಕೆ ಜೊತೆಯಲ್ಲೇ ಬಂತು. ಗಾಜು ಒರೆಸಿದೆ, ಹೋಗಲಿಲ್ಲ. ಎಡಗಣ್ಣು ಮುಚ್ಚಿದೆ, ಹೋಯಿತು.

ಹೆಂಡತಿ ಫುಸಾಯೆ ಅಂಗಳಕ್ಕೆ ಬಂದಳು. "ಏನ್ರೀ, ನಿಮ್ಮ ಕೂಸು ಎಷ್ಟು ದೂರ ಅಂಬೆಗಾಲಿಟ್ಟಿದೆ?"

"ಮೋಡ ಕಣೇ."

ಆಕಾಶ ತೊಳೆದಿಟ್ಟ ಹಾಗಿತ್ತು. ಅವಳು ತಲೆಯೆತ್ತಿ ನೋಡಿದಳು. ಒಳಗೆ ಹೋಗಿ, ಶುಭಕ್ಕೆ ಮಾಡುವ ಕೆಂಪನ್ನಕ್ಕೆಂದು ನೆನೆಹಾಕಿದ್ದ ಅಕ್ಕಿಯನ್ನು ಸದ್ದಿಲ್ಲದೆ ಸೋಸಿ ಮುಚ್ಚಿಟ್ಟಳು.

ನಾಳೆ ಇನ್ನೊಂದು ತಂತಿ ಕೊಡಬೇಕು. ಅದರಲ್ಲಿ ಏನೆಂದು ಬರೆಯಲಿ? ಧೂಮಕೇತು ಆಕಾಶದಲ್ಲಿಲ್ಲ, ನನ್ನ ಎಡಗಣ್ಣಿನಲ್ಲಿದೆ ಎಂದೇ?