ನಮ್ಮಾಕಿ ಅಂದಿಯಲ್ಲ, ಆಯಿ

ಆಯಿ,

ಹೇಗಿದ್ದೀಯ ಎಂದು ಕೇಳಲಾರೆ. ನೀನು ಮಣ್ಣು ಸೇರಿ ನಾಲ್ಕು ತಿಂಗಳಾಯಿತು, ನನಗೆ ಮಾತ್ರ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಹೋದವರ ಮೇಲೆ ಸಿಟ್ಟಾಗಬಾರದು ಎಂದು ನನ್ನವ್ವ ಬುದ್ಧಿ ಹೇಳುತ್ತಾಳೆ. ಹೇಳಿದರೆ ಇಳಿದುಬಿಡುತ್ತದೆಯೇ?

ನೀನು ಮೊದಲ ಸಲ ನನ್ನ ಬಸ್ಸು ಹತ್ತಿದ್ದು ನೆನಪಿದೆಯಾ? ನೆಲೋಗಿಯಿಂದ ಜೇವರ್ಗಿಗೆ ಹೋಗುವ ಬೆಳಗಿನ ಬಸ್ಸು. ನಿನಗೆ ಎಪ್ಪತ್ತೊಂದು, ಕಣ್ಣಿನ ಆಪರೇಷನ್ ಆಗಿತ್ತು. ನನಗೆ ಇಪ್ಪತ್ತೊಂಬತ್ತು, ಕಂಡಕ್ಟರ್ ಆಗಿ ಆರು ತಿಂಗಳು. ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು, ನೀನು ಮಾತ್ರ ಕೂತೇ ಇದ್ದಿ. ಔಷಧಿ ಬಾಟಲಿ ಚಾಚಿ, "ಕಣ್ಣಾಗ ಎರಡು ಹನಿ ಹಾಕಬೇ. ನಮ್ಮ ಸೊಸಿ ಹಾಕಿದ್ರ ಮೂಗಿಗೆ ಬೀಳ್ತಾವ" ಅಂದಿ. ನಿನ್ನ ಗಲ್ಲ ಹಿಡಿದು, ಮುಖ ಎತ್ತಿ ಹಾಕಿದೆ. "ಆತ್ರಿ, ಕಣ್ಣು ಮುಚ್ಚ್ರಿ" ಎಂದು ನಾನಂದರೆ, "ನನಗ ರೀ ಗೀ ಹಚ್ಚಬ್ಯಾಡ. ಆಯಿ ಅನ್ನು, ಸಾಕು" ಅಂದಿ.

ಕಣ್ಣು ವಾಸಿಯಾದರೂ ನೀನು ಸೋಮವಾರ ತಪ್ಪಿಸಲಿಲ್ಲ. ಮನೆಯಲ್ಲಿ ದವಾಖಾನೆಗೆ ಎಂದು ಹೇಳಿ ಬರುತ್ತಿದ್ದಿ, ಕಳ್ಳಿ. ಬಸ್ಸಿಗೆ ಅರ್ಧ ಗಂಟೆ ಬಿಡುವು. ಸ್ಟ್ಯಾಂಡಿನ ಕಟ್ಟೆಯ ಮೇಲೆ ನನ್ನವ್ವನ ಪುಂಡಿಪಲ್ಯ ನಿನಗೆ, ನಿನ್ನ ಸಜ್ಜೆ ರೊಟ್ಟಿ ನನಗೆ. ನಾನು ಆಳಂದ ಕಡೆಯ ನಿಂಬರ್ಗಾದವಳು, ನಮ್ಮದು ಯಾವ ಕೇರಿ, ಅಜ್ಜ ಯಾಕೆ ಬೌದ್ಧನಾದ ಎಂಬುದನ್ನೆಲ್ಲ ಎರಡನೇ ಸೋಮವಾರವೇ ನಿನಗೆ ಹೇಳಿದ್ದೆ. "ಆತು ಬಿಡಬೇ, ಪಲ್ಯ ಇನ್ನಷ್ಟು ಹಾಕು" ಅಂದಿದ್ದಿ. ಅಷ್ಟು ಹಗುರಾಗಿ ಆ ಮಾತನ್ನು ಕೇಳಿಸಿಕೊಂಡವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೆ ನೆಲೋಗಿಯವರು ಯಾರಾದರೂ ಅತ್ತ ಬಂದರೆ ನೀನು ತಟ್ಟನೆ ಡಬ್ಬಿ ಮುಚ್ಚುತ್ತಿದ್ದಿ. "ದೃಷ್ಟಿ ಆಗ್ತದಬೇ" ಎಂದು ನಗಿಸುತ್ತಿದ್ದಿ. ನಾನೂ ಹಲ್ಲು ಕಿರಿಯುತ್ತಿದ್ದೆ. ಎಂಥ ಪೆದ್ದಿ ನಾನು!

ನಿನಗೆ ಜ್ವರ ಬಂದು ಎರಡು ಸೋಮವಾರ ಕಾಣದೆ ಹೋದಾಗ, ರಜೆ ಹಾಕಿ ನಿನ್ನ ಮನೆಗೇ ಬಂದೆ. ಲಿಂಗಾಯತ ಗೌಡರ ಮನೆ. ಹೊಸ್ತಿಲಿನಾಚೆ ನಿಂತೆ, ಕಾಲಿಗೆ ಅದೇ ರೂಢಿ. ನಿನ್ನ ಸೊಸೆ ಸುರೇಖಾ, "ಯಾರ್ರಿ ಅತ್ತಿ ಇವರು?" ಎಂದಳು. ನೀನು ಎದ್ದು ಬಂದು ನನ್ನ ತೋಳು ಹಿಡಿದು, "ನಮ್ಮಾಕಿ ಅದಾಳ. ಅಡಗಿ ಮನಿಗೆ ಕರ್ಕೊಂಡು ನಡಿ" ಅಂದಿ. ನಮ್ಮಾಕಿ! ಅದನ್ನು ಹೇಳುತ್ತ ನೀನು ನನ್ನ ತೋಳು ಚಿವುಟಿದ್ದೂ ಪ್ರೀತಿಯೆಂದೇ ತಿಳಿದೆ.

ಮೂರು ವರ್ಷ ನಿನ್ನ ಒಲೆಯ ಮುಂದೆ ಕೂತು ರೊಟ್ಟಿ ಬಡಿದೆ. ಎಳ್ಳಮಾವಾಸ್ಯೆಗೆ ನಿನ್ನ ಮಗ ನನ್ನನ್ನು "ಬಾ ತಂಗಿ" ಎಂದು ಕರೆದು, ಚರಗದ ಬುಟ್ಟಿಯನ್ನೇ ಕೈಗಿಟ್ಟರು. ತೊಗರಿ ಸಾಲಿನಲ್ಲಿ ನಡೆಯುತ್ತ ಭೂಮಿತಾಯಿಗೆ ಎಡೆ ಚೆಲ್ಲಿದೆ. ನನ್ನಜ್ಜಿ ಇಂಥವೇ ಹೊಲಗಳಲ್ಲಿ ಕಳೆ ಕಿತ್ತವಳು, ಚರಗ ಚೆಲ್ಲುವ ದಿನ ಬದುವಿನಾಚೆ ನಿಂತವಳು. ಕಾಲ ಬದಲಾಗಿದೆ ಎಂದು ಆ ಸಂಜೆ ಅವ್ವನ ಜೊತೆ ಜಗಳಕ್ಕೇ ಬಿದ್ದೆ. ಅವಳು ನಾಳೆಯ ಪುಂಡಿಪಲ್ಯಕ್ಕೆ ಸೊಪ್ಪು ಸೋಸಲು ಕೂತಳು.

ನೀನು ಹೋದ ಸುದ್ದಿ ನಮ್ಮ ಡ್ರೈವರ್ ಮೌಲಾಸಾಬರಿಂದ ತಿಳಿಯಿತು. ಮಣ್ಣಿಗೆ ಬರಲಾಗಲಿಲ್ಲ, ಮೂರನೇ ದಿನ ಬಂದೆ. ಸುರೇಖಾ ಅಪ್ಪಿಕೊಂಡು ಅತ್ತಳು. ಎಲ್ಲರ ಸಾಲಿನಲ್ಲಿ ನನ್ನನ್ನೂ ಕೂರಿಸಿ ಬಡಿಸುತ್ತ, "ನಿಮ್ಮದು ಯಾವ ಮಠರಿ? ಅತ್ತಿ ಹೇಳೇ ಇಲ್ಲ" ಎಂದಳು.

"ನಮಗ ಮಠ ಇಲ್ರಿ. ನಾವು ಬೌದ್ಧರು, ದಲಿತ ಕೇರಿಯವರು. ಆಯಿಗೆ ಗೊತ್ತಿತ್ತಲ್ರಿ."

ಅವಳ ಕೈಯಲ್ಲಿದ್ದ ರೊಟ್ಟಿ ನನ್ನ ತಾಟಿಗೆ ಬೀಳಲಿಲ್ಲ. "ಅತ್ತಿ ನಮ್ಮಾಕಿ ಅಂದಿದ್ರಲ್ರಿ..." ಎಂದಳು. ನಮ್ಮಾಕಿ ಅಂದರೆ ನಮ್ಮ ಜಾತಿಯವಳು! ಮನೆಮಂದಿಗೆಲ್ಲ ತಿಳಿದ ಅರ್ಥ ನನಗೊಬ್ಬಳಿಗೇ ತಿಳಿದಿರಲಿಲ್ಲ. ನಿನ್ನ ಮಗ ಎದ್ದು ನಿಂತು, "ಏಳ್ರಿ. ಅವ್ವ ಹೋಗ್ಯಾಳ, ಇನ್ನ ನೀವು ಬರೂದು ಬ್ಯಾಡ" ಎಂದರು. ತಂಗಿ ಹೋಗಿ ರೀ ಬಂತು ನೋಡು. ಮರುದಿನ ಆ ಒಲೆಯನ್ನು ಕಿತ್ತು ತಿಪ್ಪೆಗೆ ಹಾಕಿದರಂತೆ.

ಈಗ ಹೇಳು, ನೀನು ಅವತ್ತು ಚಿವುಟಿದ್ದು ಬಾಯಿ ಬಿಡಬೇಡ ಎಂದಲ್ಲವೇ? ಒಳಗೆ ಕರೆ ಎಂದು ನಾನು ಕೇಳಿದ್ದೆನೇ? ಹೊಸ್ತಿಲಿನಾಚೆಯೇ ಕೂರುತ್ತಿದ್ದೆ, ನೀನೂ ಬಂದು ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ನಿನ್ನ ಮಾತಿಗೆ ಆ ಮನೆಯಲ್ಲಿ ಎದುರಾಡುವವರು ಇರಲಿಲ್ಲ. ಒಂದು ಸಲ, ಒಂದೇ ಒಂದು ಸಲ ನೀನು ಬಾಯಿ ಬಿಟ್ಟು... ನೀನು ಒಳಗೆ ಕರೆದದ್ದು ನನ್ನನ್ನಲ್ಲ ಆಯಿ, ಇನ್ಯಾವಳನ್ನೋ. ನಾನು ಮೂರು ವರ್ಷವೂ ಹೊರಗೇ ನಿಂತಿದ್ದೆ. ನಿನ್ನ ಪ್ರೀತಿಯೇ ಸುಳ್ಳು ಎಂದು ಬೈದು ಮರೆತುಬಿಡೋಣವೆಂದರೆ ಅದೂ ಆಗುತ್ತಿಲ್ಲ. ಪ್ರೀತಿ ಇತ್ತು. ಇದ್ದೂ ಹೆದರಿದಿ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ನಿನಗೆ ತಿಳಿಯದ ಸುದ್ದಿ ಒಂದಿದೆ. ನೆಲೋಗಿಯವರ ಜೊತೆ ತಕರಾರು ಬೇಡ, ಅಫಜಲಪುರ ಕಡೆ ರೂಟು ಕೊಡುತ್ತೇವೆ, ಹೋಗು ಎಂದು ಡಿಪೋದಲ್ಲಿ ಹೇಳಿದರು. ಒಲ್ಲೆ ಎಂದೆ. ಮೊನ್ನೆ ಬೈಕು ಕೆಟ್ಟಿತ್ತೋ ಏನೋ, ನಿನ್ನ ಮಗ ನನ್ನ ಬಸ್ಸು ಹತ್ತಿದರು. ಅರ್ಧ ಊರೇ ಬಸ್ಸಿನಲ್ಲಿತ್ತು. ದುಡ್ಡನ್ನು ಸೀಟಿನ ಮೇಲಿಟ್ಟು, "ಟಿಕೆಟ್ ಅಲ್ಲೇ ಇಡ್ರಿ" ಎಂದರು. ನಾನು ಇಡಲಿಲ್ಲ. ಬಸ್ಸು ನಿಲ್ಲಿಸಿದೆ. ಮೌಲಾಸಾಬರು ಇಂಜಿನ್ ಬಂದ್ ಮಾಡಿ ಕನ್ನಡಿಯಲ್ಲಿ ನೋಡುತ್ತ ಕೂತರು. ಟಿಕೆಟ್ ಹಿಡಿದ ಕೈ ಚಾಚಿಕೊಂಡೇ ನಿಂತೆ. "ತಗೋರಿ ಗೌಡ್ರ, ಹೊತ್ತಾಗ್ಯಾದ" ಎಂದು ಹಿಂದಿನಿಂದ ಯಾರೋ ಕೂಗಿದರು. ಅವರು ಕಿಟಕಿಯಾಚೆ ನೋಡಿದರು, ಕಾಲ ಬುಡ ನೋಡಿದರು. ಕಡೆಗೆ ಕೈ ಮುಂದೆ ಬಂತು.

ಟಿಕೆಟ್ ಕೊಡುತ್ತ ನನ್ನ ಹೆಸರು, ನನ್ನ ಊರು, ನನ್ನ ಕೇರಿಯನ್ನು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದೆ. ನೀಲಮ್ಮಾಯಿ ನನ್ನ ಗೆಳತಿಯಾಗಿದ್ದಳು ಎಂದೂ ಹೇಳಿದೆ. ಅದನ್ನು ನೀನು ಹೇಳಬೇಕಿತ್ತು, ಆಯಿ. ಹೇಳಿ ಮುಗಿಸಿದ ಮೇಲೆಯೇ ರೈಟ್ ಅಂದೆ.

ವೈಶಾಲಿ