ಮಲಗಿದ ಗೆರೆ

ಮಂಗಳವಾರ, ಬೆಳಿಗ್ಗೆ

ನಮ್ಮ ಲಾರಿ ಸಾಹೇಬರಿಗೆ,

ಇಷ್ಟು ಬರೆಯುವುದಕ್ಕೇ ಎರಡು ಹಾಳೆ ಹರಿದು ಎಸೆದೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ನೀವು ಹೋಗಿ ಮಗಳ ಮನೆ ಸೇರಿ ಆರು ವರ್ಷವಾಯಿತು. ಇಷ್ಟು ದಿನ ಒಂದಕ್ಷರ ಬರೆಯದವಳು ಈಗ ಯಾವ ಜಗಳ ತೆಗೆದಳೋ ಅಂದುಕೊಳ್ಳುತ್ತೀರಿ. ಜಗಳಕ್ಕೆ ಶಕ್ತಿ ಉಳಿದಿಲ್ಲ. ಪಾತ್ರೆ ತೊಳೆದರೆ ಕೂತು ಸುಧಾರಿಸಿಕೊಳ್ಳಬೇಕು.

ಮಗನ ಮಗಳು, ಆ ಮೊಂಡಿ, ವಿಜ್ಞಾನದ ಪರೀಕ್ಷೆಯಲ್ಲಿ ಗ್ರಾಫಿಗೆ ಸೊನ್ನೆ ತಂದಳು. ಗಾಡಿಯ ಓಟದ ಎರಡು ಚಿತ್ರ ಕೊಟ್ಟಿದ್ದರಂತೆ, ಎರಡರಲ್ಲೂ ಗೆರೆ ಅಡ್ಡಕ್ಕೆ ಮಲಗಿತ್ತು. ಇವಳು ಎರಡಕ್ಕೂ ಗಾಡಿ ನಿಂತಿದೆ ಅಂತ ಬರೆದಳು. ತಪ್ಪೇನು, ಮಲಗಿದ ಮೇಲೆ ನಿಂತ ಹಾಗೇ ಅಲ್ಲವೇ ಅಂದೆ. ಇಲ್ಲ ಅಜ್ಜಿ, ಪಕ್ಕದಲ್ಲಿ ದೂರ ಅಂತ ಬರೆದಿದ್ದರೆ ನಿಂತಿದೆ, ವೇಗ ಅಂತ ಬರೆದಿದ್ದರೆ ಒಂದೇ ಸಮ ಓಡ್ತಾ ಇದೆ, ಪಕ್ಕದಲ್ಲಿರೋದನ್ನ ಓದದೆ ಉತ್ತರ ಹೇಳಿದರೆ ಸೊನ್ನೆನೇ ಅಂದಳು.

ಸುಲಿಯುತ್ತಿದ್ದ ಬೆಳ್ಳುಳ್ಳಿ ಕೈಯಲ್ಲೇ ಉಳಿಯಿತು.

ನಿಮ್ಮ ಕಾಗದ ಬೇಳೆ ಡಬ್ಬದ ಕೆಳಗೇ ಇದೆ. ನನ್ನ ಅಮ್ಮ ತೀರಿಕೊಂಡ ವಾರಕ್ಕೆ ಲಾರಿ ಆಫೀಸಿನಿಂದ ತಂದು ನನ್ನ ಮುಂದೆ ಹಿಡಿದಿರಲ್ಲ, ಲಾರಿ ಓಡಿದ್ದನ್ನೆಲ್ಲ ಗೆರೆ ಎಳೆದಿಡುವ ಪೆಟ್ಟಿಗೆ ಬರೆದ ಕಾಗದ, ಅದೇ. ನೋಡು, ಅವತ್ತು ಅತ್ತೆಯನ್ನು ನೋಡಲು ಬರುವಾಗ ದಾರಿಯಲ್ಲಿ ಎಲ್ಲೂ ನಿಲ್ಲಿಸಿಲ್ಲ ಅಂದಿರಿ. ನಾಲ್ಕು ಗಂಟೆ ಹೊತ್ತು ಗೆರೆ ಉದ್ದಕ್ಕೆ ಮಲಗಿದೆ, ನೀವೂ ಎಲ್ಲೋ ಉದ್ದಕ್ಕೆ ಮಲಗಿದ್ದಿರಿ, ಅತ್ತೆ ಸಾಯಲಿ ಅಂತ ಕಾದು ಬಂದಿರಿ ಅಂದೆ. ಇನ್ನೂ ಏನೇನೋ ಅಂದೆ. ನೀವು ಚೀಲ ತೆಗೆದುಕೊಂಡು ಹೊರಟಿರಿ. ನಿಮಗೂ ಬಾಯಿ ಇತ್ತಲ್ಲ, ಪಕ್ಕದಲ್ಲಿ ವೇಗ ಅಂತ ಬರೆದಿದೆ ಕಣೇ ಅನ್ನಬಾರದಿತ್ತೇ?

ಮೊಂಡಿ ಆ ಕಾಗದ ಕೊಡವಿ ನೋಡಿದಳು. ಅಜ್ಜಿ, ಈ ಗೆರೆ ಅರವತ್ತರಲ್ಲೇ ಮಲಗಿದೆ, ನಿಂತಿದ್ದರೆ ಸೊನ್ನೆಗೆ ಇಳೀಬೇಕಿತ್ತು, ತಾತ ನಾಲ್ಕು ಗಂಟೆ ಆಕ್ಸಿಲರೇಟರಿಂದ ಕಾಲು ತೆಗೆದೇ ಇಲ್ಲ ಅಂದಳು. ಅರವತ್ತು ದಾಟದ ಹಾಗೆ ನಿಮ್ಮ ಲಾರಿಗೆ ಕಂಪನಿಯವರು ಬಿಗಿ ಹಾಕಿದ್ದರಲ್ಲ. ಇದ್ದಷ್ಟೂ ಒತ್ತಿಕೊಂಡೇ ಬಂದಿದ್ದೀರಿ. ನೀರು ಕುಡಿಯಲೂ ಇಳಿದಿಲ್ಲ.

ನಾನು ಯಾಕೆ ಹಾಗೆ ಓದಿದೆ ಗೊತ್ತೇ? ಅವತ್ತು ಮಧ್ಯಾಹ್ನವೆಲ್ಲ ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕದ ಯಂತ್ರ ನೋಡುತ್ತಾ ಕೂತಿದ್ದೆ. ಹಸಿರು ಗೆರೆ ಏಳುತ್ತಿತ್ತು, ಬೀಳುತ್ತಿತ್ತು. ಮೂರು ಗಂಟೆಗೆ ಮಲಗಿತು. ನರ್ಸಮ್ಮ ಬಂದು ಸ್ವಿಚ್ಚು ಆರಿಸಿದಳು. ಮಲಗಿದ ಗೆರೆಗೆ ಇನ್ನೊಂದು ಅರ್ಥವಿದೆ ಅಂತ ನನಗೆ ಯಾರು ಹೇಳಬೇಕಿತ್ತು?

ಕ್ಷಮಿಸಿ ಅಂತ ಬರೆಯಲು ಕೈ ಏಳುತ್ತಿಲ್ಲ. ಬರೆದಿದ್ದೇನೆ ಅಂತಲೇ ಓದಿಕೊಳ್ಳಿ. ಗುರುವಾರ ಹತ್ತರ ಬಸ್ಸಿಗೆ ಬರುತ್ತೇನೆ. ಮೂರು ಮೆಟ್ಟಿಲು ಇಳಿಯುವುದೇ ನನಗೆ ದೊಡ್ಡ ಕೆಲಸ, ನಿಲ್ದಾಣಕ್ಕೆ ಬಂದು ಕೈ ಹಿಡಿಯಿರಿ. ಬರದಿದ್ದರೆ ಅದೇ ಬಸ್ಸಿನಲ್ಲಿ ವಾಪಸು ಹೋಗುತ್ತೇನೆ, ಬೈಯುವುದಿಲ್ಲ. ಮಗಳಿಗೆ ಈ ಕಾಗದ ತೋರಿಸಬೇಡಿ.

ಇಂತಿ,
ನಿಮ್ಮ ಬಾಯಿಬಡುಕಿ

ಮತ್ತೆ: ಒಂದು ಮಾತು ಯಾರಿಗೂ ಹೇಳಿಲ್ಲ. ಎರಡು ಗಂಟೆಗೆ ಅಮ್ಮ ಕಣ್ಣು ಬಿಟ್ಟು ಅಳಿಯ ಎಲ್ಲಿ ಅಂತ ಕೇಳಿದಳು. ಬರ್ತಿದ್ದಾರೆ ಅಮ್ಮಾ, ದಾರೀಲಿದ್ದಾರೆ ಅಂದೆ. ಸಾಯುವವಳಿಗೆ ಸುಳ್ಳು ಹೇಳಿ ಕಳಿಸಿದೆ ಅಂತ ಆರು ವರ್ಷ ನಿದ್ದೆ ಕೆಡಿಸಿಕೊಂಡೆ. ನಿನ್ನೆ ಆ ಕಾಗದದಲ್ಲಿ ಎರಡು ಗಂಟೆ ಎಲ್ಲಿದೆ ಅಂತ ಮೊಂಡಿಯಿಂದ ತೋರಿಸಿಕೊಂಡೆ. ಬರುತ್ತಿದ್ದಿರಿ.