ಔರಾದದಲ್ಲಿ ನಾನು ಸೋತ ಸುದ್ದಿ

ನನ್ನ ಗೆಳತಿ ರತ್ನಮಾಲಾ,

ಚುನಾವಣೆ ಮುಗಿಯಿತು ಮಾರಾಯ್ತಿ. ಯಾರು ಗೆದ್ದರು ಎಂದು ನೀನು ಮೊದಲು ಕೇಳುತ್ತೀ, ನನಗೆ ಗೊತ್ತು. ಸ್ವಲ್ಪ ತಡಿ. ನೀನಿದ್ದಾಗ ಯಾವ ಮಾತನ್ನೂ ಪೂರ್ತಿ ಹೇಳಲು ಬಿಡಲಿಲ್ಲ, ಈಗಲಾದರೂ ಮೊದಲಿನಿಂದ ಕೇಳು.

ಸಂಘದ ಆ ಸಭೆ ನೆನಪಿದೆಯೇ? ಮೂರು ತಾಲ್ಲೂಕಿನ ಅಂಗನವಾಡಿ ಟೀಚರುಗಳು, ಸಹಾಯಕಿಯರು ಬೀದರದಲ್ಲಿ ಸೇರಿದ್ದೆವು. ಅಧ್ಯಕ್ಷರನ್ನು ಆರಿಸುವುದೆಂದರೆ ಪ್ರತಿ ಸಲವೂ ಅದೇ ಕತೆ. ಬೀದರದವರು ಮೊದಲೇ ಬಂದು ಕುಳಿತಿರುತ್ತಿದ್ದರು, ಭಾಲ್ಕಿಯವರು ನಡುವೆ ಬಂದು ಸೇರುತ್ತಿದ್ದರು, ಔರಾದದ ಗಡಿ ಹಳ್ಳಿಯವರು ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಹಾರ ಹಾಕಿ ಮುಗಿದಿರುತ್ತಿತ್ತು. ನೀನು ಎದ್ದು ನಿಂತು ಕೇಳಿದೆ: "ಇವರು ಮೂರು ತಾಲ್ಲೂಕಿನ ಅಧ್ಯಕ್ಷರೇನ್ರಿ, ಇಲ್ಲಾ ಬೀದರ ಬಸ್ ಸ್ಟ್ಯಾಂಡಿನ ಅಧ್ಯಕ್ಷರೇನ್ರಿ?" ಎಲ್ಲರೂ ನಕ್ಕರು. ನೀನು ನಗಲಿಲ್ಲ. "ಅಮೆರಿಕಾದಾಗ ದೇಶದ ಅಧ್ಯಕ್ಷ ಆಗೋರೂ ಮೊದಲ ಸಣ್ಣ ಸಣ್ಣ ರಾಜ್ಯಕ್ಕ ಹೋಗಿ ಕೈ ಮುಗೀತಾರಂತ. ಅಲ್ಲಿ ಮೊದಲ ಓಟು, ಅಲ್ಲೇ ಮೊದಲ ಫಲಿತಾಂಶ. ನಮ್ಮಲ್ಲಿ ಔರಾದದಾಗ ಮೊದಲ ಯಾಕ ಆಗಬಾರದು? ಆಮ್ಯಾಲ ಭಾಲ್ಕಿ. ಕಡೀಕ ಬೀದರ. ಮೂರೂ ಕಡೀದು ಕೂಡಿಸಿ ಲೆಕ್ಕ." ಮಗನ ಮೊಬೈಲಿನಲ್ಲಿ ಸುದ್ದಿ ಕೇಳಿ ಬಂದಿದ್ದೆಯಲ್ಲವೇ? ಭಾಲ್ಕಿ ಕಡೆಯ ಖಟಕ ಚಿಂಚೋಳಿಯಲ್ಲಿ ರೊಟ್ಟಿ ಬಡಿಯುತ್ತ ಅಮೆರಿಕದ ಚುನಾವಣೆ ಕೇಳುವ ಹೆಂಗಸು ನಿನ್ನನ್ನು ಬಿಟ್ಟರೆ ಇನ್ನಾರು! ಅವತ್ತು ಜಗಳಾಡಿ, ಕಾಡಿ, ಆ ನಿಯಮವನ್ನು ಮಾಡಿಸಿಯೇ ಎದ್ದೆ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕಾದವಳೂ ನೀನೇ ಆಗಿದ್ದೆ.

ಆಮೇಲೆ ಬೀದರದ ಆಸ್ಪತ್ರೆಯಲ್ಲಿ ನಿನ್ನ ಬಾತ ಕಾಲು ನೋಡಿದೆ. ಕಿಡ್ನಿ ಎಂದರು. ನಾನು ನಮ್ಮೂರು ಜನವಾಡದಿಂದ ಖಿಚಡಿ ಮಾಡಿಕೊಂಡು ಬಸ್ಸು ಹತ್ತಿ ಬರುತ್ತಿದ್ದೆ, ನೀನು ಎರಡು ತುತ್ತು ತಿಂದು ಉಳಿದದ್ದನ್ನು ಪಕ್ಕದ ಮಂಚದವಳಿಗೆ ಕೊಡುತ್ತಿದ್ದೆ. ಕೊನೆಗೆ ಮಾತಾಡಿದ ದಿನ ನನ್ನ ಕೈ ಹಿಡಿದು, "ಶಮೀಮ್, ಔರಾದದಾಗ…" ಎಂದೆ. ಅಷ್ಟರಲ್ಲಿ ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದಳು. ಔರಾದದಲ್ಲಿ ಏನು, ರತ್ನಾ? ನೀನು ತೀರಿಹೋದ ಮೇಲೆ ನಿನ್ನ ಮನೆಯಂಗಳದಲ್ಲಿ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿದಾಗಲೂ ನನ್ನ ತಲೆಯಲ್ಲಿ ಅದೊಂದೇ ಮಾತು. ಔರಾದದಲ್ಲಿ ಮೊದಲ ಓಟು ಇದೆ, ನನ್ನ ಬದಲಿಗೆ ನೀನು ನಿಲ್ಲು ಎಂದಿರಬೇಕು ಅಂದುಕೊಂಡೆ. ಹಾಗೆ ಅಂದುಕೊಂಡೇ ನಿಂತೆ.

ಹೆಸರು ಕೊಟ್ಟ ದಿನ ಗೊತ್ತಾಯಿತು, ನಾವು ಮೂವರು. ಒಬ್ಬರು ಬೀದರದ ಮಹಾದೇವಿ ಅಕ್ಕ. ನಿನಗೆ ಅವರ ಹೆಸರು ಕೇಳಿದರೆ ಮೂಗು ಮುರಿಯುವ ಚಾಳಿ. ಆದರೆ ಖರೆ ಹೇಳಬೇಕು, ನಮ್ಮ ಇಲಾಖೆಯ ಸಾಹೇಬರ ಕೋಣೆಗೆ ಬಾಗಿಲು ತಟ್ಟದೆ ಹೋಗಿ ನಮ್ಮ ಕೆಲಸ ಮಾಡಿಸಿಕೊಂಡು ಬರುವ ಧೈರ್ಯ ಅವರೊಬ್ಬರಿಗೇ ಇದ್ದದ್ದು. ಇನ್ನೊಬ್ಬಳು ಔರಾದ ಕಡೆಯ ಉಜ್ವಲಾ. ಗಡಿ ಹಳ್ಳಿಯವಳು, ಮನೆಮಾತು ಮರಾಠಿ, ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಎಷ್ಟೋ ಸಣ್ಣವಳು. ನಾನು ಅವಳ ಹೆಸರನ್ನೇ ಕೇಳಿರಲಿಲ್ಲ. ನೀನು ಕೇಳಿದ್ದೆಯೇ ಎಂದು ಆಗ ಯೋಚಿಸಲೂ ಇಲ್ಲ.

ಔರಾದಕ್ಕೆ ಹೋದ ಬೆಳಿಗ್ಗೆ ನಾನು ನಿನಗೆ ಇಷ್ಟವಾದ ಹಸಿರು ಸೀರೆ ಉಟ್ಟಿದ್ದೆ. ಓಟಿಗೆ ಮೊದಲು ಮೂವರೂ ಮಾತಾಡಬೇಕಿತ್ತು. ಮಹಾದೇವಿ ಅಕ್ಕ ಚೆನ್ನಾಗಿ ಮಾತಾಡಿದರು. ನಾನು ನಿನ್ನ ಬಗ್ಗೆ ಮಾತಾಡಿದೆ. ಎಲ್ಲರ ಕಣ್ಣೂ ತೇವವಾದವು. ಗೆದ್ದೆ ಅಂದುಕೊಂಡೆ. ಆಮೇಲೆ ಉಜ್ವಲಾ ಎದ್ದಳು. ಕನ್ನಡ ತಡವರಿಸುತ್ತಿತ್ತು. "ನಾ ಹೊಸದಾಗಿ ಕೆಲಸಕ್ಕ ಸೇರಿದ್ದೆ ನೋಡ್ರಿ. ನಮ್ಮೂರಾಗ ನೆಟ್‌ವರ್ಕ್ ಇಲ್ಲ. ಮೊಬೈಲಿನಿಂದ ಮಕ್ಕಳ ಫೋಟೊ ಹೋಗಲಿಲ್ಲಂತ ಬೀದರದ ಆಫೀಸಿಗಿ ಕರಸಿದ್ರು. ಮುಂಜಾನಿಂದ ಕೂಡಿಸಿದ್ರು, ಯಾರೂ ಒಳಗ ಕರೀಲಿಲ್ಲ. ಮನ್ಯಾಗ ಮೊಲಿ ಕುಡಿಯೋ ಕೂಸು. ನನ್ನ ಎದಿಹಾಲು ಸೋರಿ ಕುಪ್ಪಸ ಪೂರಾ ತೊಯ್ದಿತ್ತು. ನಾಚಿಕಿಗಿ ಏಳಾಕ ಬರವಲ್ದು. ಭಾಲ್ಕಿ ಕಡಿಯಿಂದ ಒಬ್ಬ ತಾಈ, ಅಂದ್ರ ಅಕ್ಕೋರು, ಬಂದಿದ್ರು, ನನಗ ಗುರುತಿಲ್ಲ, ಪರಿಚಯ ಇಲ್ಲ. ತಮ್ಮ ಕಂದು ಬಣ್ಣದ ಶಾಲು ತೆಗೆದು ನನಗ ಹೊಚ್ಚಿದ್ರು. ಸೀದಾ ಸಾಹೇಬರ ಒಳಗ ಹೋದ್ರು. 'ಈ ಹುಡುಗಿಗಿ ಮನಿಗಿ ಕಳಸ್ರಿ, ಕೂಸು ಹಸದದ. ನೋಟಿಸ್ ಕೊಡೋದಿದ್ರ ನನಗ ಕೊಡ್ರಿ' ಅಂದ್ರು. ಆ ತಾಈನೇ ಈಗ ಶಮೀಮ್ ಬಾಯಿ ಹೇಳಿದ ರತ್ನಾತಾಈ."

ಕಂದು ಬಣ್ಣದ ಶಾಲು ಎಂದು ಅವಳು ಹೇಳಿದಾಗ ನಾನು ಕುಳಿತಲ್ಲೇ ಬೆಚ್ಚಿದೆ. ಅದು ನಾನು ನಿನಗೆ ಈದಿಗೆ ಕೊಟ್ಟ ಶಾಲು! "ಬಸ್ಸಿನಾಗ ಮರೆತು ಬಂದೆ" ಅಂದಿದ್ದೆ ನೀನು. ನಾನು ಆವತ್ತು ಮುನಿಸಿಕೊಂಡಿದ್ದೆ, ನೀನು ಬೈಸಿಕೊಂಡು ಸುಮ್ಮನಿದ್ದೆ. ಒಬ್ಬ ಹುಡುಗಿಯ ನಾಚಿಕೆಯನ್ನು ನನ್ನ ಕಿವಿಗೂ ಬೀಳಗೊಡಲಿಲ್ಲವಲ್ಲ…

ಮಧ್ಯಾಹ್ನವೇ ಜಗುಲಿಯ ಮೇಲೆ ಚೀಟಿ ಎಣಿಸಿ ಓದಿದರು. ಉಜ್ವಲಾ ಮೊದಲು. ಅವಳ ಹಿಂದೆಯೇ ಮಹಾದೇವಿ ಅಕ್ಕ. ನಾನು ಎಲ್ಲರಿಗಿಂತ ಕೆಳಗೆ, ಅದೂ ಬಹಳ ಕೆಳಗೆ. ಔರಾದದ ಹೆಂಗಸರು ಚಪ್ಪಾಳೆ ತಟ್ಟಿದ್ದು ನೀನು ನೋಡಬೇಕಿತ್ತು. ವಯಸ್ಸಾದ ಒಬ್ಬ ಸಹಾಯಕಿ ಅಳುತ್ತ, "ಇಷ್ಟು ವರ್ಷದಾಗ ನಮ್ಮ ತಾಲ್ಲೂಕಿನ ಹೆಸರು ಮೊದಲ ಓದಿದ್ದು ಇವತ್ತೇ ನೋಡ್ರಿ" ಎನ್ನುತ್ತಿದ್ದಳು. ಎಲ್ಲವೂ ನಿನ್ನಿಂದಲೇ. ನನಗೆ ಮಾತ್ರ ಆ ಚಪ್ಪಾಳೆ ಕೇಳಲು ಆಗಲಿಲ್ಲ. ಸೋತದ್ದಕ್ಕೆ ಅಂದುಕೊಂಡೆಯಾ? ಅಲ್ಲ. ದಿನವೂ ಫೋನ್ ಮಾಡಿ, ಹಾಲು ಉಕ್ಕಿದ್ದನ್ನೂ ಬೆಕ್ಕು ಮರಿ ಹಾಕಿದ್ದನ್ನೂ ಹೇಳುತ್ತಿದ್ದವಳು, ಇವಳ ಬಗ್ಗೆ ಒಂದು ಮಾತು ಏಕೆ ಹೇಳಲಿಲ್ಲ? ನಿನ್ನನ್ನು ಪೂರ್ತಿ ಬಲ್ಲವಳು ನಾನೊಬ್ಬಳೇ ಎಂದು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆ. ಆವತ್ತು ಅದು ನನ್ನ ಕೈಯಿಂದ ಜಾರಿತು. ನಿನ್ನನ್ನು ಎರಡನೆಯ ಸಲ ಮಣ್ಣಿಗೆ ಕಳಿಸಿದ ಹಾಗೆ ಆಯಿತು.

ಬಸ್ಸಿನಲ್ಲಿ ಮರಳುವಾಗಲೇ ನಮ್ಮ ವಾಟ್ಸಾಪ್ ಗುಂಪು ಗದ್ದಲವಾಗಿತ್ತು. ಒಬ್ಬಳು "ಮೊದಲ ತುತ್ತಿನಾಗೇ ಕಲ್ಲು" ಎಂದು ಬರೆದರೆ ಇನ್ನೊಬ್ಬಳು "ಶಮೀಮ್ ಬಾಯಿ, ಎದಿ ಒಡಕೋಬ್ಯಾಡ್ರಿ, ಭಾಲ್ಕಿ ನಮ್ಮದದ" ಎಂದಳು. ಬೀದರದವರಲ್ಲಿ ಹೆಚ್ಚಿನವರು ನಕ್ಕರು. "ಔರಾದದ ಫಲಿತಾಂಶ ಏನ್ ಫಲಿತಾಂಶರಿ, ಗಾಳಿ ಬಂದಂಗ ಬಂದದ, ಹೋಗ್ತದ" ಎಂದರು. ಮಹಾದೇವಿ ಅಕ್ಕ ಒಂದು ಧ್ವನಿ ಸಂದೇಶ ಕಳಿಸಿದರು: "ಮೂರು ಕಡಿ ಡಬ್ಬಿ ಹೊತಕೊಂಡು ತಿರಗೋದು ಯಾರಿಗಿ ಬೇಕಾಗ್ಯದ? ನಾ ಬಂದ್ರ ಮುಂದಿನ ಸಲದಿಂದ ಮೊದಲಿನಂಗ ಬೀದರದಾಗೇ ಒಂದೇ ದಿನ." ಅದನ್ನು ಕೇಳಿದಾಗ ನನ್ನ ದುಃಖದ ಒಳಗೆ ಒಂದು ಸಿಟ್ಟು ಹುಟ್ಟಿತು. ನೀನು ಕಾದಾಡಿ ಪಡೆದದ್ದು ಇಷ್ಟು ಸುಲಭವಾಗಿ ಹೋಗಬೇಕೇ?

ಎರಡು ದಿನ ಬಿಟ್ಟು ಮಹಾದೇವಿ ಅಕ್ಕ ಸ್ಕೂಟಿಯಲ್ಲಿ ಜನವಾಡಕ್ಕೆ ನಮ್ಮ ಮನೆಗೇ ಬಂದರು. ನನ್ನ ಅತ್ತೆಯ ಪಕ್ಕದಲ್ಲಿ ಕುಳಿತು ಚಹಾ ಕುಡಿದರು. "ಶಮೀಮ್, ನೀವು ಹಿಂದ ಸರೀಬ್ಯಾಡ್ರಿ. ಭಾಲ್ಕಿ ಮಂದಿ ರತ್ನಾನ ಸಲುವಾಗಿ ನಿಮಗ ಹಾಕ್ತಾರ. ಗಟ್ಟಿಯಾಗಿ ನಿಂದ್ರಿ" ಎಂದರು. ಎದುರಾಳಿಯಾಗಿ ಎಂಥ ದೊಡ್ಡ ಮನಸ್ಸು ಎಂದು ನನಗೆ ಕಣ್ಣು ತುಂಬಿ ಬಂತು. ಅವರು ಹೋದ ಮೇಲೆ ಅತ್ತೆ ಕಪ್ಪು ಎತ್ತಿಕೊಳ್ಳುತ್ತ ಹೇಳಿದರು: "ಉನೆ ಚಾ ಪೀನೆಕು ನೈ ಆಯಿ ಬೇಟಿ, ಓಟ್ ತೋಡ್ನೆಕು ಆಯಿ." ಚಹಾ ಕುಡಿಯಲು ಬಂದವಳಲ್ಲವಂತೆ, ಓಟು ಒಡೆಯಲು ಬಂದವಳಂತೆ! ನಾನು ನಿಂತರೆ ಭಾಲ್ಕಿಯ ಓಟು ನನಗೂ ಉಜ್ವಲಾಗೂ ಹಂಚಿಹೋಗುತ್ತದೆ, ಮಹಾದೇವಿ ಅಕ್ಕ ಭಾಲ್ಕಿಯಲ್ಲಿ ಮುಂದಾಗಿ ಆರಾಮಾಗಿ ಬೀದರಕ್ಕೆ ಬರುತ್ತಾರೆ. ಓದು ಬರೆಹವಿಲ್ಲದ ನನ್ನ ಅತ್ತೆಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ನಿನಗಾದರೋ ಬಾಗಿಲಲ್ಲೇ ಹೊಳೆದಿರುತ್ತಿತ್ತು.

ಮರುದಿನ ಕೇಂದ್ರದಲ್ಲಿ ಮಕ್ಕಳ ತೂಕ ನೋಡುತ್ತಿದ್ದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಮನಸ್ಸು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿತ್ತು. ನಾನು ಏಕೆ ನಿಂತಿದ್ದೇನೆ? ನಿನ್ನ ಹೆಸರು ಉಳಿಯಲಿ ಎಂದು. ಉಜ್ವಲಾ ಏಕೆ ನಿಂತಿದ್ದಾಳೆ? ಆಫೀಸಿನ ಬೆಂಚಿನ ಮೇಲೆ ಇನ್ನೊಬ್ಬ ಹುಡುಗಿ ಹಾಗೆ ಕೂರಬಾರದು ಎಂದು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನನಗೇ ನಾಚಿಕೆಯಾಯಿತು. ಆಗ ಆಸ್ಪತ್ರೆಯ ನಿನ್ನ ಮಾತು ಬೇರೆಯಾಗಿ ಕೇಳಿಸಿತು. "ಶಮೀಮ್, ಔರಾದದಾಗ ಒಬ್ಬ ಹುಡುಗಿ ಇದ್ದಾಳ" ಎನ್ನಲು ಹೊರಟಿದ್ದೆಯಾ? ಇರಬಹುದು. ಇಲ್ಲದೆಯೂ ಇರಬಹುದು. ಇನ್ನು ನಿನ್ನನ್ನು ಕೇಳುವುದು ಹೇಗೆ? ಆ ಒಂದನ್ನು ನಾನೇ ತೀರ್ಮಾನ ಮಾಡಬೇಕಿತ್ತು.

ಭಾಲ್ಕಿಯ ಸಭೆಯಲ್ಲಿ ನಿಮ್ಮ ಕಡೆಯ ಟೀಚರು, ಸಹಾಯಕಿಯರೆಲ್ಲ ಮುಂದೆಯೇ ಕುಳಿತಿದ್ದರು. ನಾನು ಎದ್ದು, ಹಿಂದೆ ಸರಿಯುತ್ತಿದ್ದೇನೆ, ನನ್ನ ಓಟು ಉಜ್ವಲಾಗೆ ಎಂದೆ. ನಿಮ್ಮ ಓಣಿಯ ಕಾಶಿಬಾಯಿ, ನಿನ್ನ ಕೇಂದ್ರದಲ್ಲಿ ಅಡುಗೆ ಮಾಡುತ್ತಿದ್ದವಳು, ಕೆಂಡವಾದಳು. "ಏ ಶಮೀಮ್! ರತ್ನಾನ ಗೆಳತಿ ಅಂತ ಕೆಲಸ ಬಿಟ್ಟು ಮಂದಿನ್ನ ಕರಕೊಂಡು ಬಂದೀನಿ. ಈಗ ನೀನೇ ಬ್ಯಾಡಂತಿ? ರತ್ನಾ ಇದ್ದಿದ್ರ ಹಿಂಗ ಮಾಡ್ತಿದ್ಲೇನು?"

"ಗೊತ್ತಿಲ್ಲ ಕಾಶಿಬಾಯಿ," ಎಂದೆ. "ಅಕೀ ಏನ್ ಮಾಡ್ತಿದ್ಲೋ ನನಗ ಖರೇನೇ ಗೊತ್ತಿಲ್ಲ. ಅಕೀ ಹೆಸರು ಹೇಳಿ ನಾ ಇನ್ನ ಓಟು ಕೇಳಂಗಿಲ್ಲ. ಈ ಹುಡುಗಿ ಮಾತು ಒಂದ್ಸಲ ಕೇಳ್ರಿ, ಆಮ್ಯಾಲ ನಿಮ್ಮ ಮನಸಿಗಿ ಬಂದಾಕಿಗಿ ಹಾಕ್ರಿ."

"ನೀ ಹೇಳಿದಾಕಿಗೇ ಹಾಕ್ತೀವಂತ ತಿಳಕೋಬ್ಯಾಡ ಮತ್ತ!"

"ಇಲ್ಲ ಅವ್ವಾ, ತಿಳಕೊಳ್ಳಂಗಿಲ್ಲ."

ಕಾಶಿಬಾಯಿ ಉಜ್ವಲಾಳನ್ನು ಎದುರಿಗೆ ನಿಲ್ಲಿಸಿಕೊಂಡು ವಧುಪರೀಕ್ಷೆಯ ಹಾಗೆ ಪ್ರಶ್ನೆ ಕೇಳಿದಳು. ಗಂಡ ಏನು ಮಾಡುತ್ತಾನೆ, ಭಾಲ್ಕಿಗೆ ಎಷ್ಟು ಸಲ ಬರುತ್ತೀ, ಸಾಹೇಬ ಗದರಿಸಿದರೆ ಅಳುತ್ತೀಯಾ? "ಅಳ್ತೀನಿರಿ," ಎಂದಳು ಉಜ್ವಲಾ. "ಅಳಕೋತ ಮಾತಾಡ್ತೀನಿ. ಮಾತು ಬಿಡಂಗಿಲ್ಲ." ಸಭೆಯೆಲ್ಲ ನಕ್ಕುಬಿಟ್ಟಿತು. ಆ ದಿನ ಭಾಲ್ಕಿಯಲ್ಲಿ ಅವಳು ಗೆದ್ದಳು, ಕೂದಲೆಳೆಯಷ್ಟು. ಈಗ ಬೀದರದಲ್ಲಿ ಯಾರೂ ಗಾಳಿ ಎನ್ನಲಿಲ್ಲ.

ಬೀದರದ ಹಳೆ ಊರಿನ ಓಣಿಗಳಲ್ಲಿ ನಾವಿಬ್ಬರೂ ನಡೆದದ್ದನ್ನು ಹೇಳಿದರೆ ನಗುತ್ತೀ. ಅಲ್ಲಿಯ ನಮ್ಮ ಟೀಚರುಗಳ ಮನೆಗಳಲ್ಲಿ ನಮ್ಮ ಕಡೆಯ ಉರ್ದು, ದಖನಿಯೇ ಮಾತು. ಇವಳಿಗೆ ಅದು ಬಾರದು. "ಉರ್ದು ಆತಾ ಕ್ಯಾ?" ಎಂದು ಕೇಳಿದರೆ "ಥೋಡಾ ಥೋಡಾ" ಎಂದು ಶುರು ಮಾಡಿ ಮೂರನೆಯ ಮಾತಿಗೆ ಮರಾಠಿಗೆ ಜಾರುತ್ತಿದ್ದಳು. ನಾನು ನಡುವೆ ಕುಳಿತು ಅವಳ ಮರಾಠಿಯನ್ನು ದಖನಿಗೆ, ಅವರ ದಖನಿಯನ್ನು ಕನ್ನಡಕ್ಕೆ ಮಾಡುತ್ತ ಗಂಟಲು ಒಣಗಿಸಿಕೊಂಡೆ. ಮನೆಮನೆಯಲ್ಲೂ ಚಹಾ. ನನ್ನ ಹೆಸರಿಗೆ ಓಟು ಕೇಳುವಾಗ ತಡವರಿಸುತ್ತಿದ್ದ ನಾಲಿಗೆ ಅವಳ ಹೆಸರಿಗೆ ಸಲೀಸಾಗಿ ಹೊರಳಿತು. ಹೀಗೇಕೆ ಆಗುತ್ತದೆ ರತ್ನಾ?

ಕೊನೆಯ ಎಣಿಕೆ ಬೀದರದಲ್ಲಿ. ಇಲ್ಲಿ ಮಹಾದೇವಿ ಅಕ್ಕನೇ ಮುಂದೆ ಬಂದರು, ಅವರ ಊರಲ್ಲವೇ. ಆದರೆ ಮೂರೂ ಕಡೆಯದು ಕೂಡಿಸಿದಾಗ ಉಜ್ವಲಾ ಗೆದ್ದಿದ್ದಳು. ಹೌದು, ಗಡಿಯ ಆ ಹುಡುಗಿಯೇ ಈಗ ನಮ್ಮ ಅಧ್ಯಕ್ಷೆ! ಮಹಾದೇವಿ ಅಕ್ಕ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದರು, "ಗೆದ್ದರ ಮುಗೀತೇನು? ಸಾಹೇಬರ ಮುಂದ ಹ್ಯಾಂಗ ನಿಂದರಬೇಕು ಅನ್ನೋದು ನನ್ನ ಹತ್ರ ಬಂದು ಕಲೀಲಿ." ಉಜ್ವಲಾ ಮೆಟ್ಟಿಲು ಹತ್ತಿ ಹೋಗಿ, "ಕಲಸ್ರಿ ಅಕ್ಕೋರೆ. ಯಾವಾಗ ಬರ್ಲಿ?" ಎಂದಳು. ಮಹಾದೇವಿ ಅಕ್ಕನಿಗೆ ಸಿಟ್ಟು ಉಳಿಸಿಕೊಳ್ಳಲು ಆಗಲಿಲ್ಲ. ತುಟಿ ಕಚ್ಚಿ ಹಿಡಿದ ನಗು ಹೊರಬಂದೇ ಬಿಟ್ಟಿತು. ಈಗ ಆಫೀಸಿಗೆ ಇಬ್ಬರೂ ಜೊತೆಯಾಗಿಯೇ ಹೋಗುತ್ತಾರೆ. ಬೆಂಚಿನ ಮೇಲೆ ಯಾರನ್ನಾದರೂ ಬೆಳಗಿನಿಂದ ಕೂಡಿಸಿದ್ದು ಕಂಡರೆ ಒಬ್ಬಳು ಅಳುತ್ತ ಕೇಳುತ್ತಾಳೆ, ಇನ್ನೊಬ್ಬಳು ಜೋರು ಮಾಡಿ ಕೇಳುತ್ತಾಳೆ. ಕೆಲಸ ಆಗುತ್ತದೆ. ಮುಂದಿನ ಸಲವೂ ಮೊದಲ ಓಟು ಔರಾದದಲ್ಲೇ ಎಂದು ಮೊದಲ ಸಭೆಯಲ್ಲೇ ಗಟ್ಟಿ ಮಾಡಿದೆವು. ಮಹಾದೇವಿ ಅಕ್ಕ ಕೈ ಎತ್ತಿದರೇ ಎಂದು ಕೇಳುತ್ತೀಯಾ? ಎತ್ತಿದರು, ಎಲ್ಲರಿಗಿಂತ ನಿಧಾನವಾಗಿ.

ನಿನ್ನೆ ಮಧ್ಯಾಹ್ನ ಮಕ್ಕಳನ್ನು ಮನೆಗೆ ಕಳಿಸಿ ಬಾಗಿಲು ಹಾಕುತ್ತಿದ್ದಾಗ ಉಜ್ವಲಾಳ ಫೋನ್ ಬಂತು. ಸಂಘದ ಕೆಲಸವೇನೂ ಇರಲಿಲ್ಲ. ಅವಳ ಮಗು ನಾಲ್ಕು ಹೆಜ್ಜೆ ಓಡಿ ಕೋಳಿಯ ಮೇಲೆ ಬಿದ್ದಿತಂತೆ, ಕೋಳಿಗಿಂತ ಮಗುವೇ ಹೆಚ್ಚು ಕೂಗಿತಂತೆ. ಹೇಳುತ್ತ ಹೇಳುತ್ತ ಮಾತಿನ ಭರದಲ್ಲಿ, "ಏ ಶಮೀಮ್, ನೀ ಇರಬೇಕಿತ್ತು ನೋಡ್" ಎಂದಳು. 'ಬಾಯಿ' ಇಲ್ಲ, 'ರಿ' ಇಲ್ಲ. ಅವಳಿಗೆ ಗೊತ್ತೂ ಆಗಲಿಲ್ಲ. ನಾನು ಸರಿಪಡಿಸಲಿಲ್ಲ, ಬಾಗಿಲ ಮೆಟ್ಟಿಲ ಮೇಲೆ ಕುಳಿತು "ಹೂಂ, ಆಮ್ಯಾಲ?" ಎಂದೆ. ಬಹಳ ಹೊತ್ತು ಮಾತಾಡಿದೆವು. ನೀನು ಹೋದ ಮೇಲೆ ನಾನು ಯಾರೊಂದಿಗೂ ಹಾಗೆ ಸುಮ್ಮಸುಮ್ಮನೆ ಮಾತಾಡಿರಲಿಲ್ಲ.

ನಿನಗೆ ಹೇಳಬೇಕೆಂದು ಹೊರಟ ಸುದ್ದಿ ಇದೇ. ನನಗೊಬ್ಬ ಗೆಳತಿ ಸಿಕ್ಕಿದ್ದಾಳೆ ರತ್ನಾ. ಹೊಟ್ಟೆಕಿಚ್ಚು ಪಡಬೇಡ.

ನಿನ್ನವಳೇ ಆದ,
ಶಮೀಮ್